ಮಗಳ ತಟ್ಟೆಯಿಂದ ಏಳು ಪದಾರ್ಥ ತೆಗೆದೆ, ಆರು ವಾಪಸ್ ಬಂದವು

ಮಗಳಿಗೆ ಆಗ ಹನ್ನೊಂದು ತಿಂಗಳು. ಒಂದು ಬೆಳಿಗ್ಗೆ ಮೊದಲ ಸಲ ಮೊಟ್ಟೆ ಕೊಟ್ಟೆ. ಕದಡಿ ಹುರಿದದ್ದು, ಎರಡು ಚಿಕ್ಕ ಚಮಚ ಅಷ್ಟೇ. ಹತ್ತು ನಿಮಿಷ ಆಗಿರಬಹುದು, ತುಟಿಯ ಸುತ್ತ ಕೆಂಪಾಯಿತು. ನೋಡುತ್ತಿದ್ದ ಹಾಗೇ ಕುತ್ತಿಗೆ, ಹೊಟ್ಟೆ ಮೇಲೆಲ್ಲ ಪಿತ್ತದ ಗಂಧೆ ಎದ್ದವು. ಒಂದು ಸಲ ವಾಂತಿಯೂ ಆಯಿತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಉಸಿರಿಗೆ ತೊಂದರೆ ಆಗಲಿಲ್ಲ. ಎರಡು ಗಂಟೆಯೊಳಗೆ ಎಲ್ಲ ಇಳಿಯಿತು. ನನ್ನ ಹೆದರಿಕೆ ಮಾತ್ರ ಇಳಿಯಲಿಲ್ಲ.

ಅಲ್ಲಿಂದ ಮುಂದೆ ಏನು ಕೊಟ್ಟರೂ ಕೈ ನಡುಗುತ್ತಿತ್ತು. ಅವಳಿಗೆ ಮೂರು ತಿಂಗಳಿಂದಲೇ ಇಸುಬು ಇತ್ತು. ಡಾಕ್ಟರ್‌ಗಳು ಎಸ್ಜಿಮಾ ಅನ್ನುತ್ತಾರಲ್ಲ, ಅದು. ಮೊಣಕೈ ಮಡಿಕೆ, ಕೆನ್ನೆ, ಮಂಡಿ ಹಿಂದೆ ಯಾವಾಗಲೂ ಕೆರೆತ. ಅದಕ್ಕೆ ಹಾಲು ಕಾರಣ ಇರಬೇಕು ಅನ್ನಿಸಿತು. ಎರಡು ವಾರದ ನಂತರ ಜ್ವರ, ನೆಗಡಿ ಬಂದಿತ್ತು. ಹಿಂದಿನ ಸಂಜೆ ಬೆರಳ ತುದಿಯಷ್ಟು ಪೀನಟ್ ಬಟರ್ ನೆಕ್ಕಿದ್ದಳು. ಬೆಳಿಗ್ಗೆ ಮೈಮೇಲೆ ಗಂಧೆ. ಮೂರು ದಿನ ಒಂದು ಕಡೆ ಮಾಯವಾಗುವುದು, ಇನ್ನೊಂದು ಕಡೆ ಏಳುವುದು. ಸರಿ, ಕಡಲೆಕಾಯಿಯೂ ಆಗಲ್ಲ ಅಂತ ತೀರ್ಮಾನ ಮಾಡಿಬಿಟ್ಟೆ.

ಆಮೇಲೆ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ, ಬೇರೆಯವರಿಗಾದರೂ ಉಪಯೋಗಕ್ಕೆ ಬರಲಿ. ಒಂದು ಲ್ಯಾಬ್‌ನಲ್ಲಿ ತೊಂಬತ್ತು ಆಹಾರಗಳಿಗೆ ಒಂದೇ ರಕ್ತದ ಟೆಸ್ಟ್ ಅಂದರು. ಡಾಕ್ಟರ್ ಚೀಟಿ ಬೇಕಿಲ್ಲ, ಬೆರಳಿಂದ ಎರಡು ಹನಿ ರಕ್ತ ಸಾಕು. ರಿಪೋರ್ಟ್ ಬಂತು, ಕೆಂಪು, ಹಳದಿ, ಹಸಿರು ಪಟ್ಟಿಗಳಲ್ಲಿ. ಕೆಂಪಿನಲ್ಲಿ ಏಳು: ಮೊಟ್ಟೆ, ಹಾಲು, ಗೋಧಿ, ಕಡಲೆಕಾಯಿ, ಸೋಯಾ, ಬಾಳೆಹಣ್ಣು, ಟೊಮೆಟೊ. ಮೊಟ್ಟೆ ಕೆಂಪಿನಲ್ಲಿ ಇತ್ತಲ್ಲ, ಅದಕ್ಕೇ ಉಳಿದ ಆರನ್ನೂ ನಂಬಿದೆ. ಏಳನ್ನೂ ಅವತ್ತೇ ನಿಲ್ಲಿಸಿದೆ.

ನಾಲ್ಕು ತಿಂಗಳು ಹಾಗೆ ನಡೆಸಿದೆವು. ಇಸುಬು ಒಂದು ಚೂರೂ ಕಮ್ಮಿ ಆಗಲಿಲ್ಲ. ಹನ್ನೊಂದು ತಿಂಗಳಲ್ಲಿ 8.6 ಕಿಲೋ ಇದ್ದವಳು ಹದಿನೈದು ತಿಂಗಳಲ್ಲಿ 8.7 ಕಿಲೋ. ಮಕ್ಕಳ ಡಾಕ್ಟರ್ ತೂಕದ ಗೆರೆ ನೋಡಿ ನೇರವಾಗಿ ಕೇಳಿದರು: "ಇವಳಿಗೆ ಇಷ್ಟೆಲ್ಲ ನಿಲ್ಲಿಸಿ ಅಂತ ಯಾರು ಹೇಳಿದ್ದಮ್ಮಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೇ ಮಕ್ಕಳ ಅಲರ್ಜಿ ನೋಡುವ ತಜ್ಞರ ಹತ್ತಿರ ಕಳಿಸಿದರು.

ಆ ತಜ್ಞೆ ರಿಪೋರ್ಟನ್ನು ಪಕ್ಕಕ್ಕಿಟ್ಟು ಸುಮಾರು ಮುಕ್ಕಾಲು ಗಂಟೆ ಬರೀ ಪ್ರಶ್ನೆ ಕೇಳಿದರು. ಏನು ತಿಂದಳು? ಎಷ್ಟು ತಿಂದಳು? ಹಸಿಯದೋ, ಬೇಯಿಸಿದ್ದೋ? ತಿಂದು ಎಷ್ಟು ನಿಮಿಷಕ್ಕೆ ಶುರುವಾಯಿತು? ಎಷ್ಟು ಹೊತ್ತು ಇತ್ತು? ಅದಕ್ಕೂ ಮೊದಲು ಅದನ್ನೇ ತಿಂದು ಸುಮ್ನೆ ಇದ್ದದ್ದು ಉಂಟಾ? ಅವತ್ತು ಜ್ವರ ಇತ್ತಾ, ಯಾವ ಔಷಧಿ ಕೊಟ್ಟಿದ್ದಿರಿ? ಅರ್ಧಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ನಾನು ಮನೆಗೆ ಬಂದು ಡೈರಿ ಶುರು ಮಾಡಿದ್ದು ಆ ದಿನದಿಂದ. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಅದೇ. ಊಟದ ಹೊತ್ತು, ಪದಾರ್ಥ, ಅಳತೆ, ಆಮೇಲೆ ಕಂಡದ್ದು, ಕಂಡ ಹೊತ್ತು. ದದ್ದು ಕಂಡರೆ ಫೋನಿನಲ್ಲಿ ಫೋಟೋ. ಫೋಟೋದಲ್ಲಿ ಸಮಯ ತಾನೇ ದಾಖಲಾಗುತ್ತದೆ. ಡಾಕ್ಟರ್ ಮುಂದೆ ಹೋಗುವಷ್ಟರಲ್ಲಿ ದದ್ದು ಇರುವುದಿಲ್ಲ, ಫೋಟೋ ಇರುತ್ತದೆ.

ಸಮಯಕ್ಕೆ ಯಾಕೆ ಇಷ್ಟು ಬೆಲೆ ಅಂತ ಅವರು ಬಿಡಿಸಿ ಹೇಳಿದರು. ತಕ್ಷಣದ ಅಲರ್ಜಿಗೆ ಕಾರಣ ರಕ್ತದಲ್ಲಿರುವ ಐಜಿಇ ಅನ್ನುವ ಪ್ರತಿಕಾಯ. ಅದರಿಂದ ಆಗುವುದು ತಿಂದ ಕೆಲವೇ ನಿಮಿಷದಲ್ಲಿ ಕಾಣುತ್ತದೆ, ಹೆಚ್ಚೆಂದರೆ ಎರಡು ಗಂಟೆಯೊಳಗೆ. ಕೆಲವು ಗಂಟೆಯಲ್ಲಿ ಇಳಿಯುತ್ತದೆ. ಮತ್ತೆ ತಿಂದರೆ ಮತ್ತೆ ಬರುತ್ತದೆ. ಮೊಟ್ಟೆಯ ಕಥೆ ಇದಕ್ಕೆ ಸರಿಯಾಗಿ ಹೊಂದುತ್ತಿತ್ತು. ಪೀನಟ್ ಬಟರ್ ಕಥೆ ಹೊಂದುತ್ತಿರಲಿಲ್ಲ. ರಾತ್ರಿ ಕಳೆದು ಬಂದ ಗಂಧೆ, ಮೂರು ದಿನ ಇದ್ದ ಗಂಧೆ. ಚಿಕ್ಕ ಮಕ್ಕಳಲ್ಲಿ ನೆಗಡಿ, ಜ್ವರದ ವೈರಸ್ಸಿನಿಂದಲೇ ಹೀಗೆ ಗಂಧೆ ಏಳುವುದು ತುಂಬಾ ಸಾಮಾನ್ಯವಂತೆ. ಬಾಳೆಹಣ್ಣು, ಟೊಮೆಟೊ, ಗೋಧಿ, ಸೋಯಾ ಎಲ್ಲ ಮೊದಲು ಎಷ್ಟೋ ಸಲ ತಿಂದಿದ್ದಳು, ಏನೂ ಆಗಿರಲಿಲ್ಲ. ಆ ಒಂದು ಮಾತು ತೊಂಬತ್ತು ಪದಾರ್ಥದ ರಿಪೋರ್ಟಿಗಿಂತ ದೊಡ್ಡದು ಅಂದರು.

ಹಾಗಾದರೆ ರಿಪೋರ್ಟಿನ ಕೆಂಪು? ಆ ಲ್ಯಾಬ್ ಅಳೆದದ್ದು ಐಜಿಇ ಅಲ್ಲ, ಐಜಿಜಿ ಅನ್ನುವ ಬೇರೆ ಪ್ರತಿಕಾಯ. ಒಂದಕ್ಷರದ ವ್ಯತ್ಯಾಸ, ನಾನು ಗಮನಿಸಿರಲೇ ಇಲ್ಲ. ಐಜಿಜಿ ಇದೆ ಅಂದರೆ ದೇಹ ಆ ಆಹಾರವನ್ನು ಕಂಡಿದೆ ಅಂತ ಅರ್ಥ. ಚೆನ್ನಾಗಿ ತಿನ್ನುವ ಪದಾರ್ಥಕ್ಕೇ ಅದು ಜಾಸ್ತಿ ಇರುತ್ತದೆ. ಆಹಾರದ ಅಲರ್ಜಿ ಪತ್ತೆಗೆ ಇದನ್ನು ಬಳಸಬೇಡಿ ಅಂತ ಯುರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲೇ ಹೇಳಿತ್ತು. ಆಮೇಲೆ ಅಮೆರಿಕ, ಕೆನಡಾದ ತಜ್ಞರ ಸಂಘಗಳೂ ಅದನ್ನೇ ಹೇಳಿದವು. ಕೂದಲು ಕಳಿಸಿ ಮಾಡಿಸುವ ಟೆಸ್ಟಿಗೂ ಯಾವ ಆಧಾರವೂ ಇಲ್ಲ. ನಾಲ್ಕು ತಿಂಗಳು ಮಗಳ ಬಾಯಿಂದ ಹಾಲು, ಗೋಧಿ ಕಿತ್ತುಕೊಂಡದ್ದು ಇಂಥ ಕಾಗದ ನಂಬಿ. ಆ ಸಿಟ್ಟು ನನಗೆ ಈಗಲೂ ಹೋಗಿಲ್ಲ.

ಇನ್ನೊಂದು ಪ್ರಶ್ನೆ ನನ್ನನ್ನು ಕಾಡುತ್ತಿತ್ತು. ಮೊಟ್ಟೆ ತಿಂದದ್ದೇ ಮೊದಲ ಸಲ, ಅಲರ್ಜಿ ಎಲ್ಲಿಂದ ಬಂತು? ಇಸುಬಿನಿಂದ ಒಡೆದ ಚರ್ಮದ ಮೂಲಕ ಅಂತೆ. ಮನೆಯವರ ಕೈಯಲ್ಲಿ, ಧೂಳಿನಲ್ಲಿ ಆಹಾರದ ಚೂರು ಇರುತ್ತದೆ. ಅದು ಚರ್ಮದಿಂದ ಒಳಗೆ ಹೋದಾಗ ದೇಹ ಅದನ್ನು ಶತ್ರು ಅಂತ ಗುರುತಿಟ್ಟುಕೊಳ್ಳಬಹುದು. ಬಾಯಿಂದ ಹೋದಾಗ ಒಗ್ಗಿಸಿಕೊಳ್ಳುವುದೇ ಜಾಸ್ತಿ. ಅಂದರೆ ನಾನು ಅಂದುಕೊಂಡದ್ದಕ್ಕೆ ಉಲ್ಟಾ. ಆಹಾರದಿಂದ ಇಸುಬು ಬಂದಿರಲಿಲ್ಲ, ಇಸುಬು ಅಲರ್ಜಿಗೆ ದಾರಿ ಮಾಡಿತ್ತು. ಆ ದಿನದಿಂದ ಮುಲಾಮು, ತೇವ ಹಿಡಿಯುವ ಕ್ರೀಮು ಹೊತ್ತಿಗೆ ಸರಿಯಾಗಿ ಹಚ್ಚಿದೆವು. ಮೂರು ವಾರದಲ್ಲಿ ಕೆನ್ನೆ ನುಣ್ಣಗಾಯಿತು.

ಟೆಸ್ಟು ಮಾಡಿದ್ದು ಐದಕ್ಕೆ ಮಾತ್ರ: ಮೊಟ್ಟೆ, ಕಡಲೆಕಾಯಿ, ಹಾಲು, ಗೋಧಿ, ಸೋಯಾ. ಕೊನೆಯ ಮೂರನ್ನು ಸೇರಿಸಿದ್ದಕ್ಕೂ ನಾನೇ ಕಾರಣ. ಇಸುಬು ಇರುವ ಮಗುವಿಗೆ ಒಗ್ಗಿದ ಆಹಾರವನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಕೆಲವೊಮ್ಮೆ ಆ ಒಗ್ಗಿಕೆಯೇ ಹೋಗುತ್ತದೆ. ಇದನ್ನು ಕೇಳಿದಾಗ ನನಗೆ ಅಳು ಬಂತು. "ಈಗ ಬಂದಿದ್ದೀರಲ್ಲ, ಒಂದೊಂದೇ ಸರಿ ಮಾಡೋಣ" ಅಂದರು.

ಸ್ಕಿನ್ ಪ್ರಿಕ್ ಟೆಸ್ಟು ನಾನು ಹೆದರಿದಷ್ಟು ದೊಡ್ಡದಲ್ಲ. ಒಂದು ವಾರ ಮೊದಲೇ ಆಂಟಿಹಿಸ್ಟಮಿನ್, ಅಂದರೆ ಅಲರ್ಜಿಯ ಕೆರೆತಕ್ಕೆ ಕೊಡುವ ಔಷಧಿ ನಿಲ್ಲಿಸಬೇಕು, ಇಲ್ಲದಿದ್ದರೆ ಅಲರ್ಜಿ ಇದ್ದರೂ ಚರ್ಮ ಏನೂ ತೋರಿಸುವುದಿಲ್ಲ. ಕೆಲವು ನೆಗಡಿ ಸಿರಪ್ಪಿನಲ್ಲೂ ಅದು ಇರುತ್ತದೆ, ಲೇಬಲ್ ಓದಿ. ಬೆನ್ನ ಮೇಲೆ ಒಂದೊಂದು ಹನಿ ಹಾಕಿ, ಮೇಲೆ ಮೊನೆಯಿಂದ ಸುಮ್ನೆ ಒತ್ತಿದರು. ರಕ್ತ ಬರಲಿಲ್ಲ. ಐದು ಆಹಾರದ ಜೊತೆ ಇನ್ನೂ ಎರಡು ಹನಿ. ಒಂದು ಹಿಸ್ಟಮಿನ್, ಅಲರ್ಜಿ ಆದಾಗ ದೇಹವೇ ಬಿಡುವ ರಾಸಾಯನಿಕ, ಅಲ್ಲಿ ಉಬ್ಬಲೇಬೇಕು. ಇನ್ನೊಂದು ಉಪ್ಪುನೀರು, ಅಲ್ಲಿ ಉಬ್ಬಬಾರದು. ಈ ಎರಡೂ ಸರಿ ಬಂದರೆ ಮಾತ್ರ ಉಳಿದದ್ದನ್ನು ನಂಬಬಹುದು. ಹದಿನೈದು ನಿಮಿಷ ಕಾದು ಸ್ಕೇಲ್‌ನಲ್ಲಿ ಅಳೆದರು. 3 ಮಿಲಿಮೀಟರ್ ಅಥವಾ ಜಾಸ್ತಿ ಉಬ್ಬಿದರೆ ಪಾಸಿಟಿವ್. ಮೊಟ್ಟೆ 7, ಕಡಲೆಕಾಯಿ 3, ಹಾಲು 2, ಗೋಧಿ, ಸೋಯಾ ಸೊನ್ನೆ.

ಕಡಲೆಕಾಯಿ 3 ಅಂದ ಕೂಡಲೇ "ಹಾಗಾದರೆ ಅದೂ ಅಲರ್ಜಿನೇ ಅಲ್ವಾ?" ಅಂದೆ. ಅಲ್ಲವಂತೆ. ಪಾಸಿಟಿವ್ ಅಂದರೆ ದೇಹದಲ್ಲಿ ಐಜಿಇ ಇದೆ ಅಂತ ಮಾತ್ರ. ಅದು ಇದ್ದೂ ಆರಾಮಾಗಿ ತಿನ್ನುವವರು ತುಂಬಾ ಜನ. ಉಬ್ಬು ದೊಡ್ಡದಾದಷ್ಟು ಅಲರ್ಜಿ ಇರುವ ಸಾಧ್ಯತೆ ಜಾಸ್ತಿ, ಆದರೆ ತೊಂದರೆ ಎಷ್ಟು ಜೋರಾಗಿ ಆಗುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ. ರಕ್ತದ ಐಜಿಇ ಟೆಸ್ಟಿಗೂ ಇದೇ ಮಾತು. ಅಲ್ಲಿ 0.35 ದಾಟಿದರೆ ಪಾಸಿಟಿವ್ ಅಂತ ಬರೆಯುತ್ತಾರೆ. ಮಗಳದು ಕಡಲೆಕಾಯಿಗೆ 0.5. ಇಸುಬಿನ ಮಕ್ಕಳಿಗೆ ಇಂಥ ಸಣ್ಣ ಪಾಸಿಟಿವ್‌ಗಳು ಸಾಲುಸಾಲಾಗಿ ಬರುತ್ತವೆ. ಅದಕ್ಕೇ ಅವರು ಉದ್ದ ಪಟ್ಟಿಯ ಟೆಸ್ಟು ಮಾಡಿಸುವುದೇ ಇಲ್ಲ.

ಟೆಸ್ಟು ನೆಗೆಟಿವ್ ಬಂದರೂ ಮುಗಿಯಿತು ಅಂತಲ್ಲ. ಕಾಯುವಾಗ ಪರಿಚಯವಾದ ಒಬ್ಬ ತಾಯಿಯ ಮಗು ಒಂದು ಧಾನ್ಯ ತಿಂದು ಎರಡು ಗಂಟೆಗೆ ಮೇಲಿಂದ ಮೇಲೆ ವಾಂತಿ ಮಾಡಿ, ಬಿಳಿಚಿ ಸುಸ್ತಾಗಿ ಬಿದ್ದಿತ್ತು. ಎರಡು ಸಲ ಹಾಗೇ ಆಗಿತ್ತು. ಟೆಸ್ಟುಗಳೆಲ್ಲ ನೆಗೆಟಿವ್. ಅದು ಕರುಳಿನ ಬೇರೆ ಥರದ ಅಲರ್ಜಿ, ಎಫ್‌ಪಿಐಇಎಸ್ ಅನ್ನುತ್ತಾರೆ. ಐಜಿಇಗೆ ಅದರಲ್ಲಿ ಪಾತ್ರ ಇಲ್ಲ. ಅದನ್ನು ಹಿಡಿದದ್ದು ಆ ತಾಯಿ ಬರೆದಿಟ್ಟ ಹೊತ್ತು.

ಬಾಳೆಹಣ್ಣು, ಟೊಮೆಟೊ ಅದೇ ದಿನ ಮನೆಗೆ ವಾಪಸ್ ಬಂದವು. ಗೋಧಿ, ಸೋಯಾ ಸ್ವಲ್ಪ ಸ್ವಲ್ಪವಾಗಿ ಆ ವಾರ. ಹಾಲಿನ ಮೊದಲ ಗುಟುಕುಗಳನ್ನು ಮಾತ್ರ ಆಸ್ಪತ್ರೆಯಲ್ಲೇ ಕುಡಿಸಿ ನೋಡಿದರು. ಏನೂ ಆಗಲಿಲ್ಲ. ಎರಡು ತಿಂಗಳಲ್ಲಿ ತೂಕ 9.6 ಕಿಲೋ ಆಯಿತು.

ಕಡಲೆಕಾಯಿಗೆ ಫುಡ್ ಚಾಲೆಂಜ್. ಅನುಮಾನದ ಆಹಾರವನ್ನು ಡಾಕ್ಟರ್ ಕಣ್ಣೆದುರೇ ತಿನ್ನಿಸಿ ನೋಡುವುದು. ಅಲರ್ಜಿ ಇದೆಯೋ ಇಲ್ಲವೋ ಅಂತ ಕೊನೆಗೆ ಹೇಳುವ ಟೆಸ್ಟ್ ಇದೇ. ದಯವಿಟ್ಟು ಇದನ್ನು ಮನೆಯಲ್ಲಿ ಮಾಡಬೇಡಿ. ಜೋರಾದ ಅಲರ್ಜಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಸಿದ್ಧವಾಗಿಟ್ಟುಕೊಂಡ, ಅದನ್ನು ಕೊಟ್ಟು ಅಭ್ಯಾಸವಿರುವ ಜನ ಇರುವ ಜಾಗದಲ್ಲೇ ಆಗಬೇಕು. ನಾವು ಎರಡು ಸಲ ಮುಂದೂಡಿದೆವು, ಎರಡು ಸಲವೂ ನೆಗಡಿ. ಮೈ ಹುಷಾರಿಲ್ಲದಾಗ ಮಾಡುವುದಿಲ್ಲ. ಮೂರನೇ ಸಲ ಸರಿಹೋಯಿತು. ಪೀನಟ್ ಬಟರನ್ನು ಹಣ್ಣಿನ ಪೇಸ್ಟಿನಲ್ಲಿ ತೆಳುವಾಗಿ ಕಲಸಿ ಕೊಟ್ಟರು. ಇಡೀ ಕಾಳು ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಅದು ಬೇಡವೇ ಬೇಡ. ಮೊದಲು ಚಮಚದ ತುದಿಗೆ ಹತ್ತಿದಷ್ಟು. ಇಪ್ಪತ್ತು ನಿಮಿಷ ಕಾಯುವುದು. ಆಮೇಲೆ ಸ್ವಲ್ಪ ಜಾಸ್ತಿ. ಹೀಗೆ ಆರು ಸಲ. ಪ್ರತಿ ಸಲ ಚರ್ಮ, ಉಸಿರು, ಹೊಟ್ಟೆ ನೋಡುತ್ತಿದ್ದರು. ನನ್ನ ಗಂಡ ಚಿತ್ರದ ಪುಸ್ತಕ ಓದುತ್ತಿದ್ದರು, ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ. ನಾಲ್ಕನೇ ಸಲ ಗಲ್ಲದ ಮೇಲೆ ಒಂದು ಕೆಂಪು ಚುಕ್ಕೆ ಬಂತು. ನನ್ನ ಎದೆ ಧಸಕ್ಕೆಂದಿತು. ನರ್ಸ್ ಒರೆಸಿ ನೋಡಿದರು. ಜೊಲ್ಲು ತಾಗಿ ಕೆಂಪಾಗಿತ್ತು ಅಷ್ಟೇ, ಹತ್ತು ನಿಮಿಷದಲ್ಲಿ ಹೋಯಿತು. ಕೊನೆಯ ಚಮಚದ ನಂತರ ಎರಡು ಗಂಟೆ ಕೂರಿಸಿಕೊಂಡು ಕಳಿಸಿದರು.

ಪಾಸಾದ ಮೇಲೆ ಬಿಡಬಾರದು, ವಾರಕ್ಕೆ ಮೂರು ಸಲವಾದರೂ ಕೊಡುತ್ತಿರಿ ಅಂದರು. ಲಂಡನ್‌ನ ಲೀಪ್ ಅಧ್ಯಯನದ ಬಗ್ಗೆ ಹೇಳಿದ್ದು ಆಗಲೇ. 2015ರಲ್ಲಿ ಅದರ ಫಲಿತಾಂಶ ಬಂತು. ಜೋರಾದ ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳಲ್ಲಿ ಅರ್ಧ ಮಕ್ಕಳಿಗೆ ಚಿಕ್ಕಂದಿನಿಂದ ಕಡಲೆಕಾಯಿ ಕೊಟ್ಟರು, ಅರ್ಧ ಮಕ್ಕಳಿಗೆ ದೂರ ಇಟ್ಟರು. ಐದು ವರ್ಷಕ್ಕೆ ನೋಡಿದರೆ ದೂರ ಇಟ್ಟ ಗುಂಪಿನಲ್ಲಿ ನೂರಕ್ಕೆ ಸುಮಾರು 17 ಮಕ್ಕಳಿಗೆ ಅಲರ್ಜಿ, ಕೊಟ್ಟ ಗುಂಪಿನಲ್ಲಿ ಸುಮಾರು 3 ಮಕ್ಕಳಿಗೆ. ಅದನ್ನು ಕೇಳಿದ ಮೇಲೆ ಪೀನಟ್ ಬಟರ್ ಡಬ್ಬಿ ನಮ್ಮ ಮನೆಯಲ್ಲಿ ಖಾಲಿ ಆಗಲು ಬಿಟ್ಟಿಲ್ಲ.

ಮೊಟ್ಟೆ ಮಾತ್ರ ನಿಜವಾದ ಅಲರ್ಜಿ. ಗಂಧೆಯ ಜೊತೆ ವಾಂತಿಯೂ ಆಗಿದ್ದರಿಂದ ಅಡ್ರಿನಲಿನ್ ಪೆನ್, ಅಂದರೆ ಮನೆಯವರೇ ಚುಚ್ಚಬಹುದಾದ ಸಿದ್ಧ ಇಂಜೆಕ್ಷನ್, ಬರೆದುಕೊಟ್ಟರು. ಔಷಧಿ ಇಲ್ಲದ ಪೆನ್ನಿನಲ್ಲಿ ನಾನು, ನನ್ನ ಗಂಡ, ಅತ್ತೆ ಮೂವರೂ ಅಭ್ಯಾಸ ಮಾಡಿದೆವು. ತೊಡೆಯ ಹೊರಬದಿಯ ಮಧ್ಯಕ್ಕೆ ಚುಚ್ಚುವುದು. ಉಸಿರು ಸಿಳ್ಳೆ ಹೊಡೆದರೆ, ದನಿ ಒಡೆದರೆ, ಮಗು ಬಿಳಿಚಿ ಜೋತುಬಿದ್ದರೆ ಮೊದಲು ಪೆನ್, ಆಮೇಲೆ ಆಂಬುಲೆನ್ಸ್‌ಗೆ ಫೋನ್. ಮಲಗಿಸಿಡಬೇಕು, ಉಸಿರು ಕಟ್ಟುತ್ತಿದ್ದರೆ ಕೂರಿಸಬಹುದು, ಎತ್ತಿ ನಿಲ್ಲಿಸಬಾರದು. ಐದು ನಿಮಿಷದಲ್ಲಿ ಸರಿಹೋಗದಿದ್ದರೆ ಎರಡನೆಯದು. ಅಲರ್ಜಿ ಸಿರಪ್ ಕೆರೆತಕ್ಕೆ ಮಾತ್ರ, ಜೀವ ಉಳಿಸುವುದು ಅಡ್ರಿನಲಿನ್. ಇದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು, ಅವಳ ಫೋಟೋ ಅಂಟಿಸಿ, ಅವಳನ್ನು ನೋಡಿಕೊಳ್ಳುವ ಎಲ್ಲರಿಗೂ ಕೊಟ್ಟಿದ್ದೇವೆ. ಅತ್ತೆ ಮೊದಲು "ಒಂದು ಚೂರು ತಿಂದರೆ ಏನಾಗುತ್ತಮ್ಮಾ" ಅನ್ನುತ್ತಿದ್ದರು. ಅಭ್ಯಾಸದ ಪೆನ್ ಕೈಯಲ್ಲಿ ಹಿಡಿದ ದಿನದಿಂದ ಎಲ್ಲರಿಗಿಂತ ಜಾಸ್ತಿ ಹುಷಾರು ಅವರೇ.

ಈಗ ಯಾರಾದರೂ ಎಲ್ಲಿ ಟೆಸ್ಟು ಮಾಡಿಸಲಿ ಅಂತ ಕೇಳಿದರೆ, ಫೋನ್ ಮಾಡಿ ಮೂರು ವಿಷಯ ಕೇಳಿ ಅನ್ನುತ್ತೇನೆ. ಅಳೆಯುವುದು ಐಜಿಇನೋ ಐಜಿಜಿನೋ? ಟೆಸ್ಟಿಗೆ ಮೊದಲು ಮಗುವಿನ ಕಥೆ ಕೇಳುವ ಡಾಕ್ಟರ್ ಇದ್ದಾರಾ? ಅಲ್ಲೇ ಫುಡ್ ಚಾಲೆಂಜ್ ಮಾಡುತ್ತೀರಾ? ಕಥೆ ಕೇಳದೆ ರಕ್ತ ತೆಗೆಯುವ ಕಡೆ ನಾನು ಇನ್ನು ಕಾಲಿಡುವುದಿಲ್ಲ.

ಮಗಳಿಗೆ ಎರಡೂವರೆ ಆದಾಗ ಕೇಕಿನಲ್ಲಿ ಬೆಂದ ಮೊಟ್ಟೆಯ ಚಾಲೆಂಜ್ ಆಯಿತು. ಒಲೆಯಲ್ಲಿ ತುಂಬಾ ಹೊತ್ತು ಬೆಂದಾಗ ಮೊಟ್ಟೆಯ ಕೆಲವು ಪ್ರೋಟೀನುಗಳು ರೂಪ ಬದಲಿಸುತ್ತವೆ, ಓವೊಮ್ಯೂಕಾಯ್ಡ್ ಅನ್ನುವುದೊಂದು ಬಿಸಿಗೂ ಜಗ್ಗುವುದಿಲ್ಲ. ಅವಳ ರಕ್ತದಲ್ಲಿ ಅದರ ವಿರುದ್ಧದ ಐಜಿಇ ಕಮ್ಮಿ ಇತ್ತು, ಹಾಗಾಗಿ ಕೇಕು ಒಗ್ಗುವ ಸಾಧ್ಯತೆ ಇತ್ತು. ಕೇಕು ಪೂರ್ತಿ ತಿಂದಳು, ಇನ್ನೊಂದು ಬೇಕು ಅಂದಳು. ಈಗ ನಾಲ್ಕು ವರ್ಷ. ಚರ್ಮದ ಟೆಸ್ಟಿನಲ್ಲಿ ಮೊಟ್ಟೆಯ ಉಬ್ಬು 7ರಿಂದ 3ಕ್ಕೆ ಇಳಿದಿದೆ. ಕೇಕಿನಲ್ಲಿ ಅಲ್ಲದೆ ಹಾಗೇ ಬೇಯಿಸಿದ ಮೊಟ್ಟೆಯ ಚಾಲೆಂಜ್ ಮುಂದಿನ ತಿಂಗಳಿದೆ. ಅಷ್ಟರೊಳಗೆ ಅವಳಿಗೆ ನೆಗಡಿ ಬರದಿದ್ದರೆ ಸಾಕು.