ಬಾಣಗಳ ಪಕ್ಕ ಸಮಯ ಬರೆದೆವು

ಆ ದಿನ ಸುಣ್ಣದ ತಿಳಿನೀರು ಬೆಳ್ಳಗಾಗಲೇ ಇಲ್ಲ. ಒಂಬತ್ತನೇ ತರಗತಿ, ಇಂಗಾಲದ ಚಕ್ರದ ಪಾಠ. ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿದರೆ ಆ ನೀರು ಬೆಳ್ಳಗಾಗಬೇಕು. ಹುಡುಗ ಸ್ಟ್ರಾ ಹಾಕಿ ಊದಿದ, ಊದಿದ, ಮುಖ ಕೆಂಪಾಯಿತು. ಗ್ಲಾಸಿನ ನೀರು ಹಾಗೇ ತಿಳಿಯಾಗಿತ್ತು. "ಟೀಚರ್, ಅವನ ಉಸಿರಲ್ಲಿ ಇಂಗಾಲ ಇಲ್ವಾ?" ಅಂತ ಹಿಂದಿನ ಬೆಂಚಿನವಳು ಕೇಳಿದಳು.

ಉಸಿರಲ್ಲಿ ಇತ್ತು. ಕೆಟ್ಟಿದ್ದು ಸುಣ್ಣ. ಗೋಡೆಗೆ ಬಳಿದು ಉಳಿದಿದ್ದ ಪುಡಿಯನ್ನು ನಾನು ಸ್ಟೋರ್ ರೂಮಿನಿಂದ ತಂದಿದ್ದೆ. ಆ ಚೀಲದ ಬಾಯಿ ಇಡೀ ಮಳೆಗಾಲ ತೆರೆದೇ ಇತ್ತು. ಅಷ್ಟು ತಿಂಗಳಲ್ಲಿ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಹೀರಿ, ನೀರಿನಲ್ಲಿ ಕರಗದ ಪುಡಿಯಾಗಿಬಿಟ್ಟಿತ್ತು. ಅಂದರೆ, ಅದು ಯಾವ ಚಿಪ್ಪಿನಿಂದ ಬಂದಿತ್ತೋ ಆ ಚಿಪ್ಪಿನ ವಸ್ತುವೇ ಮತ್ತೆ ಆಗಿತ್ತು.

ನಾನಿರುವುದು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಸಮುದ್ರ ಸೇರುವ ಕಡೆ. ಇಳಿತದ ಹೊತ್ತಿಗೆ ಜನ ಹೊಳೆಗಿಳಿದು ಬಳಚು ಎಂಬ ಚಿಪ್ಪಿನ ಜೀವಿಯನ್ನು ಆರಿಸುತ್ತಾರೆ. ಚಿಪ್ಪು ಸುಟ್ಟು ಸುಣ್ಣ ಮಾಡುವುದು ನಮ್ಮ ಕರಾವಳಿಯ ಹಳೇ ಕಸುಬು. ಇಷ್ಟು ಹತ್ತಿರ ಇದ್ದೂ ಪಾಠ ಮಾಡುವಾಗ ನಾನು ಇದನ್ನು ಎತ್ತಿರಲಿಲ್ಲ. ಬೋರ್ಡಿನ ಮೇಲೆ ಮರ, ಹಸು, ಕಾರ್ಖಾನೆ, ಮಧ್ಯೆ ಬಾಣಗಳು, ಅಷ್ಟೇ ಬರೆಯುತ್ತಿದ್ದೆ.

ಮುಂದಿನ ಶನಿವಾರ ಹೊಸದಾಗಿ ಸುಟ್ಟ ಚಿಪ್ಪು ತಂದೆ. ಅಂಗಳದಲ್ಲಿ ಮಣ್ಣಿನ ಮಡಕೆ ಇಟ್ಟೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಸುಣ್ಣ ಅದನ್ನು ತಿನ್ನುತ್ತದೆ. ಮಕ್ಕಳನ್ನು ದೂರ ನಿಲ್ಲಿಸಿ, ಕಣ್ಣಿಗೆ ಕನ್ನಡಕ ಹಾಕಿ, ನೀರು ಬಿಟ್ಟೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಚಿಪ್ಪು ಚಟಚಟ ಸೀಳಿತು, ಹಬೆ ಎದ್ದಿತು, ಒಲೆಯಿಲ್ಲದೆ ನೀರು ಕೊತಕೊತ ಕುದಿಯಿತು. ಈ ಕೆಲಸ ಮಕ್ಕಳ ಕೈಗೆ ಕೊಡಲೇಬಾರದು. ಸುಣ್ಣ ಕಣ್ಣಿಗೆ ಹಾರಿದರೆ ತುಂಬ ಅಪಾಯ.

ತಣ್ಣಗಾದ ಸುಣ್ಣದಲ್ಲಿ ಒಂದು ಚಮಚ ತೆಗೆದು ಒಂದು ಲೀಟರ್ ನೀರಿಗೆ ಕಲಕಿ ರಾತ್ರಿಯಿಡೀ ಬಿಟ್ಟೆ. ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಬಾಟಲಿಯ ಕತ್ತಿನವರೆಗೂ ತುಂಬಿ ಮುಚ್ಚಳ ಬಿಗಿದೆ. ಬಾಟಲಿಯಲ್ಲಿ ಗಾಳಿಗೆ ಜಾಗ ಬಿಡಬಾರದು, ಇಲ್ಲದಿದ್ದರೆ ಮತ್ತೆ ಹಳೇ ಕಥೆಯೇ.

ಸೋಮವಾರ ಅದೇ ಹುಡುಗ ಊದಿದ. ಹೀರಬೇಡ, ಊದು ಅಂತ ಎರಡೆರಡು ಸಲ ಹೇಳಿದ್ದೆ. ಅರ್ಧ ನಿಮಿಷದಲ್ಲಿ ನೀರು ಹಾಲಿನ ಹಾಗಾಯಿತು. ನಾವು ಒಳಗೆ ಎಳೆದುಕೊಳ್ಳುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು ಶೇ. 0.04. ಹೊರಗೆ ಬಿಡುವುದರಲ್ಲಿ ಸುಮಾರು ಶೇ. 4. ಆ ನೂರು ಪಟ್ಟು ಎಲ್ಲಿಂದ ಬಂತು? ಬೆಳಿಗ್ಗೆ ತಿಂದ ದೋಸೆಯಿಂದ, ಅದರ ಅಕ್ಕಿಯಿಂದ. ಆ ಅಕ್ಕಿಗೆ ಇಂಗಾಲ ಬಂದದ್ದು ಗದ್ದೆಯ ಮೇಲಿನ ಗಾಳಿಯಿಂದ.

ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನಾನು ಆ ಹಾಲುನೀರಿನಲ್ಲಿ ಸ್ವಲ್ಪ ತೆಗೆದು ಹತ್ತು ಪಟ್ಟು ನೀರು ಬೆರೆಸಿ, ಊದುತ್ತಲೇ ಇರು ಅಂದೆ. ಇನ್ನೂ ಕೆಲವು ನಿಮಿಷ ಹೋದ ಮೇಲೆ ಹಾಲಿನಂಥ ನೀರು ಮೆಲ್ಲಗೆ ತಿಳಿಯಾಯಿತು! ಇಡೀ ಕ್ಲಾಸು ಎದ್ದು ನಿಂತಿತು. ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದರೆ ನೀರು ಹುಳಿಯಾಗಿ, ಬಿಳಿ ಪುಡಿಯನ್ನು ಮತ್ತೆ ಕರಗಿಸುತ್ತದೆ. "ಹೀಗೆ ಕರಗಿದ್ದನ್ನು ನೀವೆಲ್ಲ ನೋಡಿದ್ದೀರಿ, ಶಿವರಾತ್ರಿ ಜಾತ್ರೆಯಲ್ಲಿ" ಅಂದೆ. ಯಾರಿಗೂ ಹೊಳೆಯಲಿಲ್ಲ. ನಮ್ಮದೇ ತಾಲ್ಲೂಕಿನ ಯಾಣ. ಆ ಕಪ್ಪು ಬಂಡೆಗಳು ಸುಣ್ಣದ ಕಲ್ಲು. ಮಳೆನೀರು ಗಾಳಿಯಿಂದ, ಕಾಡಿನ ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹಿಡಿದುಕೊಂಡು ಬಂದು ಅವನ್ನು ತೊಳೆಯುತ್ತಲೇ ಇದೆ. ಕರಗಿದ್ದು ಚಂಡಿ ಹೊಳೆಗೆ, ಅಲ್ಲಿಂದ ಅಘನಾಶಿನಿಗೆ. ಹೊಳೆ ತಂದದ್ದನ್ನೂ ಸಮುದ್ರದಲ್ಲಿರುವುದನ್ನೂ ಹೀರಿ ಬಳಚು ಚಿಪ್ಪು ಕಟ್ಟುತ್ತದೆ. ಆ ಚಿಪ್ಪು ಗೂಡಿನಲ್ಲಿ ಸುಟ್ಟು ನಮ್ಮ ಗೋಡೆಗೆ ಬರುತ್ತದೆ.

ಆಮ್ಲಜನಕ ತೋರಿಸಲು ಎರಡು ಸಲ ಪ್ರಯತ್ನ ಮಾಡಬೇಕಾಯಿತು. ಕೆರೆಯಿಂದ ಹೈಡ್ರಿಲ್ಲಾ ಗಿಡ ತಂದು, ಬಕೆಟ್ ನೀರಲ್ಲಿ ಅದರ ಮೇಲೆ ಲಾಳಿಕೆ ಬೋರಲು ಹಾಕಿ, ಲಾಳಿಕೆಯ ಮೇಲೆ ನೀರು ತುಂಬಿದ ಪ್ರನಾಳ ಕೂರಿಸಿದೆ. ಜುಲೈ ತಿಂಗಳು, ಮೂರು ದಿನ ಮೋಡ. ನಾಲ್ಕೈದು ಗುಳ್ಳೆ ಬಂದವು, ಅಷ್ಟೇ. ನವೆಂಬರಿನ ಬಿಸಿಲಲ್ಲಿ, ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಸಿಗಲಿ ಅಂತ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಮತ್ತೆ ಮಾಡಿದೆ. ಈ ಸಲ ಕಾಂಡದ ತುದಿಯಿಂದ ಗುಳ್ಳೆಗಳು ದಾರ ಪೋಣಿಸಿದ ಹಾಗೆ ಏರಿದವು. ಎರಡು ದಿನಕ್ಕೆ ಪ್ರನಾಳದ ಮೂರನೇ ಒಂದು ಭಾಗ ತುಂಬಿತು. ನೀರಿನೊಳಗೇ ಹೆಬ್ಬೆರಳಿನಿಂದ ಬಾಯಿ ಮುಚ್ಚಿ ಮೇಲೆತ್ತಿ, ಊದಿನಕಡ್ಡಿಯ ಕೆಂಡ ಒಳಗಿಟ್ಟೆ. ಕೆಂಡ ಝಗ್ ಅಂತ ಬೆಳಗಿತು. ಭಗ್ಗನೆ ಉರಿಯುತ್ತದೆ ಅಂತ ಪುಸ್ತಕದಲ್ಲಿರುತ್ತದೆ. ಗುಳ್ಳೆಯಲ್ಲಿ ಬೇರೆ ಗಾಳಿಯೂ ಬೆರೆತಿರುವುದರಿಂದ ಯಾವಾಗಲೂ ಹಾಗಾಗುವುದಿಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಈ ಆಮ್ಲಜನಕ ಬಂದದ್ದು ಇಂಗಾಲದ ಡೈಆಕ್ಸೈಡಿನಿಂದಲ್ಲ, ನೀರಿನಿಂದ. 1941ರಲ್ಲಿ ಭಾರದ ಆಮ್ಲಜನಕವಿರುವ ನೀರು ಬಳಸಿ ಇದನ್ನು ಗುರುತಿಸಿದರು. ನಾನೂ ಬಹಳ ವರ್ಷ ತಪ್ಪಾಗಿಯೇ ಹೇಳಿಕೊಟ್ಟಿದ್ದೆ.

ಮೊಳಕೆ ಹೆಸರುಕಾಳನ್ನು ಜಾಡಿಯಲ್ಲಿ ಹಾಕಿ ರಾತ್ರಿ ಮುಚ್ಚಿಟ್ಟೆವು. ಬೆಳಿಗ್ಗೆ ಉರಿಯುವ ಕಡ್ಡಿ ಒಳಗೆ ಹೋಗುತ್ತಲೇ ಆರಿತು. ಗಿಡವೂ ಉಸಿರಾಡುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಮರ ಕಡಿದರೆ ಆಮ್ಲಜನಕ ಖಾಲಿಯಾಗುತ್ತದೆ ಅಂತ ಮಕ್ಕಳು ಹೇಳುತ್ತಾರೆ, ಅಲ್ವಾ? ಕಾಡು ಉಳಿಯಲೇಬೇಕು, ಆದರೆ ಕಾರಣ ಇದಲ್ಲ. ಬೆಳೆದು ನಿಂತ ಕಾಡು ಮಾಡಿದ ಆಮ್ಲಜನಕವನ್ನು ಹೆಚ್ಚುಕಡಿಮೆ ಅಲ್ಲೇ ಕೊಳೆಯುವ ಎಲೆ, ಗೆದ್ದಲು, ಅಣಬೆ, ಬೇರುಗಳು ಬಳಸಿಬಿಡುತ್ತವೆ. ಗಾಳಿಯಲ್ಲಿ ಆಮ್ಲಜನಕ ಉಳಿದಿರುವುದು, ಕೋಟಿಗಟ್ಟಲೆ ವರ್ಷಗಳಲ್ಲಿ ಒಂದಿಷ್ಟು ಇಂಗಾಲ ಕೊಳೆಯದೆ ಮಣ್ಣಿನಡಿ, ಸಮುದ್ರದಡಿ ಹೂತುಹೋದದ್ದರಿಂದ. ಅದರಲ್ಲೊಂದು ಸಣ್ಣ ಪಾಲನ್ನೇ ನಾವು ಕಲ್ಲಿದ್ದಲು, ಪೆಟ್ರೋಲ್ ಅಂತ ತೆಗೆಯುತ್ತಿದ್ದೇವೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಆಮ್ಲಜನಕ 2 ಲಕ್ಷ 9 ಸಾವಿರ. ಇಂಗಾಲದ ಡೈಆಕ್ಸೈಡ್ 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ವಿಜ್ಞಾನಿ ಕೀಲಿಂಗ್ ಅಳೆಯಲು ಶುರು ಮಾಡಿದಾಗ ಸುಮಾರು 315 ಇತ್ತು, ಈಗ 420 ದಾಟಿದೆ. ದೊಡ್ಡ ರಾಶಿಗೆ ನೂರು ಕಡಿಮೆಯಾದರೆ ಗೊತ್ತೇ ಆಗುವುದಿಲ್ಲ. ಸಣ್ಣ ರಾಶಿಗೆ ನೂರು ಸೇರಿದರೆ ಭೂಮಿಯೇ ಬಿಸಿಯಾಗುತ್ತದೆ.

ಇದೆಲ್ಲ ಮುಗಿದ ಮೇಲೆ ಹಳೇ ಚಾರ್ಟ್ ಗೋಡೆಗೆ ಹಾಕಿ, ಪ್ರತಿ ಬಾಣದ ಪಕ್ಕ, ಇಂಗಾಲಕ್ಕೆ ಆ ದಾರಿಯಲ್ಲಿ ಎಷ್ಟು ಸಮಯ ಹಿಡಿಯುತ್ತದೆ ಅಂತ ಬರೆಯಿರಿ ಅಂದೆ. ಉಸಿರು: ಕೆಲವು ಸೆಕೆಂಡು. ಭತ್ತ: ನಾಲ್ಕು ತಿಂಗಳು. ಮನೆಯ ಹಲಸಿನ ತೊಲೆ: ನೂರು ವರ್ಷ. ಯಾಣ: ಸೊನ್ನೆ ಹಾಕುತ್ತಾ ಹೋಗಿ ಒಬ್ಬ ಚಾರ್ಟಿನ ಅಂಚು ಮುಟ್ಟಿದ. ಕಾರ್ಖಾನೆಯ ಹೊಗೆಯ ಬಾಣದ ಬಳಿ ಗಲಾಟೆಯಾಯಿತು. ಕಲ್ಲಿದ್ದಲು ಆಗಲು ಕೋಟಿಗಟ್ಟಲೆ ವರ್ಷ, ಉರಿಯಲು ಒಂದು ಗಂಟೆ, ಯಾವುದನ್ನು ಬರೆಯುವುದು? ಕೊನೆಗೆ ಎರಡನ್ನೂ ಬರೆದರು, ಕೆಂಪು ಪೆನ್ನಿನಲ್ಲಿ.

ಗೋಡೆಯ ಸುಣ್ಣಕ್ಕೆ ಎಷ್ಟು ಸಮಯ ಅಂತ ಯಾರಿಗೂ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ಒಬ್ಬಳು ಹಳೇ ಗೋಡೆಯಿಂದ ಒಂದು ಚಕ್ಕೆ ಕೆರೆದು ತಟ್ಟೆಗೆ ಹಾಕಿದಳು. ಪಕ್ಕದಲ್ಲಿ ಮಡಕೆಯಲ್ಲಿ ಮುಚ್ಚಿಟ್ಟಿದ್ದ ಹೊಸ ಸುಣ್ಣ ಒಂದಿಷ್ಟು. ಎರಡರ ಮೇಲೂ ಲಿಂಬೆಹಣ್ಣು ಹಿಂಡಿದಳು. ಹೊಸ ಸುಣ್ಣ ಸುಮ್ನೆ ಇತ್ತು. ಗೋಡೆಯ ಚಕ್ಕೆ ಚುರ್ ಅಂತ ನೊರೆ ಬಂತು, ಹೀರಿಕೊಂಡಿದ್ದ ಇಂಗಾಲದ ಡೈಆಕ್ಸೈಡ್ ಹೊರಗೆ ಬಂತು. "ಇದರಲ್ಲಿ ನಮ್ಮ ಉಸಿರೂ ಇರಬಹುದಾ ಟೀಚರ್?" ಅಂದಳು. ಇರಬಹುದು ಅಂದೆ. ಅವಳು ತಟ್ಟೆಯನ್ನು ಕಿವಿಯ ಹತ್ತಿರ ಹಿಡಿದು, ನೊರೆ ಆರುವವರೆಗೂ ಕೇಳುತ್ತಾ ಕೂತಳು.