ಸದ್ದಿನ ಸ್ವಿಚ್ಚು ಮಗುವಿನ ಕೈಯಲ್ಲಿ: ನನ್ನ ಅನುಭವ

ಆಟಿಸಂ ಇರುವ ಮೂರರಿಂದ ಐದು ವರ್ಷದ ಮಕ್ಕಳು ಸದ್ದಿಗೆ ಬೆದರುವಾಗ, ಸದ್ದನ್ನು ದೂರವಿಡುವ ಬದಲು ಅದರ ಸ್ವಿಚ್ಚನ್ನೇ ಮಗುವಿನ ಕೈಗೆ ಕೊಡಬೇಕೆಂದು ನಾನು ಹೇಳಿದಾಗ ಜೊತೆಯ ಥೆರಪಿಸ್ಟರಲ್ಲಿ ಬಹುತೇಕರು ಒಪ್ಪಲಿಲ್ಲ. ಕಿವಿ ಮುಚ್ಚಿ ಅಳುವ ಮಗುವಿನ ಮುಂದೆ ಹೇರ್ ಡ್ರೈಯರ್ ಇಡುವುದು ಹಿಂಸೆಯಾಗುತ್ತದೆ ಎಂಬುದು ಅವರ ವಾದವಾಗಿತ್ತು. ಈಗ ಅವರಲ್ಲೇ ಇಬ್ಬರು ಮೂವರು ತಮ್ಮ ಕೊಠಡಿಗಳಲ್ಲಿ ಇದೇ ಕ್ರಮವನ್ನು ಅನುಸರಿಸುತ್ತಿದ್ದಾರೆ.

ಇದಕ್ಕೆ ಮೊದಲು ಹಣ ಸಾಕಷ್ಟು ಹೋಗಿತ್ತು. ಭಾರದ ವೆಸ್ಟ್, ತೂಗುವ ಸ್ವಿಂಗ್, ಚರ್ಮಕ್ಕೆ ಉಜ್ಜುವ ಮೃದುವಾದ ಬ್ರಷ್‌ಗಳು, ಸದ್ದು ತಡೆಯುವ ಹೆಡ್‌ಫೋನ್‌ಗಳು ಎಲ್ಲ ಸೇರಿ ನನ್ನ ಎರಡು ತಿಂಗಳ ಗಳಿಕೆಯಷ್ಟನ್ನು ನುಂಗಿದವು. ವೆಸ್ಟ್ ತೊಟ್ಟ ಮಗು ಸ್ವಲ್ಪ ಹೊತ್ತು ಸಮಾಧಾನದಿಂದ ಕುಳಿತಂತೆ ಕಂಡರೂ, ಪಕ್ಕದ ಕೋಣೆಯಲ್ಲಿ ಮಿಕ್ಸಿ ತಿರುಗಿದೊಡನೆ ಹಿಂದಿನಂತೆಯೇ ಚೀರುತ್ತಿತ್ತು. ಬ್ರಷ್ ಕೆಲವು ಮಕ್ಕಳಿಗೆ ಹಿತವೆನಿಸಿತು, ಆದರೆ ಸದ್ದಿನ ವಿಷಯದಲ್ಲಿ ಅದರಿಂದ ಏನೂ ಬದಲಾಗಲಿಲ್ಲ. ಹೆಡ್‌ಫೋನ್ ಮಾತ್ರ ಜನಜಂಗುಳಿಯಲ್ಲಿ ನಿಜಕ್ಕೂ ನೆರವಾಯಿತು, ಇಂದಿಗೂ ಅದನ್ನು ಬಿಟ್ಟಿಲ್ಲ. ಆದರೆ ಹಗಲೆಲ್ಲ ಅದನ್ನೇ ಧರಿಸಿದ ಮಕ್ಕಳು, ತೆಗೆದ ಮೇಲೆ ಕುರ್ಚಿ ಎಳೆದ ಸದ್ದಿಗೂ ಬೆಚ್ಚಿಬೀಳತೊಡಗಿದ್ದನ್ನು ಕಂಡು, ಅದರ ಬಳಕೆಯನ್ನು ಹೊರಗೆ ಹೋಗುವ ಹೊತ್ತಿಗೆ ಸೀಮಿತಗೊಳಿಸಿದೆ.

ದಾರಿ ತೋರಿಸಿದ್ದು ಪೋಷಕರಿಂದ ಬರೆಸಿದ ಎರಡು ವಾರಗಳ ದಿನಚರಿ. ಬೇರೆಯವರು ಮಿಕ್ಸಿ ಹಾಕಿದರೆ ಓಡಿಹೋಗುವ ಮಗು, ಹೆಚ್ಚುಕಡಿಮೆ ಅಷ್ಟೇ ಜೋರಾಗಿ ಕೂಗುವ ಆಟಿಕೆಯ ಸೈರನ್ನನ್ನು ತಾನೇ ಒತ್ತಿ ಒತ್ತಿ ನಗುತ್ತಿತ್ತು. ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ ಆಟಿಸಂ ಕುರಿತ 1943ರ ತಮ್ಮ ಮೊದಲ ವರದಿಯಲ್ಲೇ ಇದನ್ನು ಗುರುತಿಸಿದ್ದರು: ತಾನು ಹೆದರುವಷ್ಟೇ ದೊಡ್ಡ ಸದ್ದನ್ನು ಮಗು ತಾನಾಗಿ ಸಂತೋಷದಿಂದ ಮಾಡಬಲ್ಲದು, ಅದನ್ನು ಕದಡುವುದು ಹೊರಗಿನಿಂದ ನುಗ್ಗುವ ಸದ್ದು. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ-5, ಸದ್ದು, ಸ್ಪರ್ಶದಂಥ ಸಂವೇದನೆಯ ಏರುಪೇರನ್ನು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿದ ಮೇಲೂ, ನಮ್ಮಲ್ಲಿ ಅನೇಕರು ಸದ್ದಿನ ಪ್ರಮಾಣವನ್ನಷ್ಟೇ ಅಳೆಯುತ್ತಾ, ಅದು ಯಾರ ಹಿಡಿತದಲ್ಲಿದೆ ಎಂಬುದನ್ನು ಕೇಳುವುದೇ ಇಲ್ಲ.

ಶ್ರವಣ ಪರೀಕ್ಷೆ ಆಗದ, ಕಿವಿಯ ಸೋಂಕು ಇಲ್ಲವೆಂದು ಖಚಿತವಾಗದ ಮಗುವನ್ನು ನಾನು ತೆಗೆದುಕೊಳ್ಳುವುದಿಲ್ಲ. ಮೊದಲ ದಿನಗಳಲ್ಲಿ ಯಂತ್ರಕ್ಕೆ ವಿದ್ಯುತ್ ಸಂಪರ್ಕವೇ ಇರುವುದಿಲ್ಲ. ಮಗು ಅದನ್ನು ಮುಟ್ಟುತ್ತದೆ, ಗುಂಡಿ ಒತ್ತುತ್ತದೆ, ಏನೂ ಆಗುವುದಿಲ್ಲ. ಆಮೇಲೆ ಅದೇ ಯಂತ್ರದ ಧ್ವನಿಮುದ್ರಿಕೆಯನ್ನು ಫೋನಿನಲ್ಲಿ ಅತಿ ಸಣ್ಣದಾಗಿ, ಮಗುವಿನ ಬೆರಳಿನಿಂದಲೇ ಹಚ್ಚಿಸುತ್ತೇನೆ. ನಿಜವಾದ ಯಂತ್ರವನ್ನು ಉದ್ದನೆಯ ತಂತಿಯ ಸ್ವಿಚ್ಚಿಗೆ ಜೋಡಿಸಿ ಕೋಣೆಯ ಇನ್ನೊಂದು ತುದಿಯಲ್ಲಿಟ್ಟು, ನೆಲದ ಮೇಲೆ ಬಣ್ಣದ ಟೇಪ್ ಅಂಟಿಸುತ್ತೇನೆ. ಯಾವ ಗೆರೆಯ ಬಳಿ ನಿಲ್ಲಬೇಕೆಂಬುದು ಮಗುವಿನ ತೀರ್ಮಾನ. ಬಾಗಿಲು ತೆರೆದಿರುತ್ತದೆ, ಹತ್ತು ನಿಮಿಷ ದಾಟುವುದಿಲ್ಲ, ಹಸಿದ ಅಥವಾ ನಿದ್ದೆಗೆಟ್ಟ ಮಗುವಿನೊಂದಿಗೆ ಆರಂಭಿಸುವುದೇ ಇಲ್ಲ. ಮಗುವಿನ ಕೈಹಿಡಿದು ಗುಂಡಿ ಒತ್ತಿಸಿದ ಕ್ಷಣಕ್ಕೆ ಇಡೀ ಪ್ರಯತ್ನ ಕೆಡುತ್ತದೆ, ಏಕೆಂದರೆ ಆಗ ಸದ್ದು ಮತ್ತೆ ಬೇರೆಯವರದಾಗುತ್ತದೆ. ಏನನ್ನೂ ಮುಟ್ಟಲೊಲ್ಲದ ಮಗುವಿನಿಂದ ಮೊದಲ ಒತ್ತುವಿಕೆಯನ್ನು ಹೇಗೆ ಪಡೆಯುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ವರ್ಷವೇ ಹಿಡಿದಿದೆ.

ನಡುವೆ ಬೆಳಕಿನ ಪ್ರಯೋಗವೊಂದನ್ನೂ ಮಾಡಿದೆ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಅಥವಾ 120 ಬಾರಿ ಮಿನುಗುತ್ತದೆ, ಅದೇ ತೊಂದರೆ ಕೊಡುತ್ತಿರಬಹುದೆಂದು ಎಣಿಸಿ ದೀಪಕ್ಕೆ ದಪ್ಪ ಬಟ್ಟೆ ಮರೆಮಾಡಿ ನೋಡಿದರೂ ಒಬ್ಬ ಹುಡುಗ ಕಿವಿಯಿಂದ ಕೈ ತೆಗೆಯಲಿಲ್ಲ. ದೀಪ ಆರಿಸಿದಾಗ ತೆಗೆದ. ಅವನನ್ನು ಕಾಡುತ್ತಿದ್ದುದು ಚೋಕಿನ ಗುಂಯ್‌ಗುಡುವಿಕೆ. ಎಲ್‌ಇಡಿ ಹಾಕಿದ್ದು, ಆ ವರ್ಷ ನಾನು ಮಾಡಿದ ಖರ್ಚುಗಳಲ್ಲೆಲ್ಲ ಅತಿ ಅಗ್ಗದ್ದೂ ಅತಿ ಉಪಯುಕ್ತವಾದದ್ದೂ ಹೌದು.

ನೆನಪಿನಿಂದ ಹೇಳುವುದಾದರೆ, ಈ ಕ್ರಮಕ್ಕೆ ಬಂದ ಇಪ್ಪತ್ತರಷ್ಟು ಮಕ್ಕಳಲ್ಲಿ ಹದಿಮೂರು ಹದಿನಾಲ್ಕು ಮಂದಿ ಮೂರು ತಿಂಗಳೊಳಗೆ ಮನೆಯ ಯಂತ್ರಗಳ ಸದ್ದಿನೊಂದಿಗೆ ಒಂದೇ ಕೋಣೆಯಲ್ಲಿ ಇರುವಂತಾದರು, ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಹೆಸರು ಕರೆದರೂ ತಿರುಗದ, ಸದ್ದನ್ನು ತಾವಾಗಿ ಹುಡುಕಿಕೊಂಡು ಹೋಗುವ ಮಕ್ಕಳಿಗೆ ಇದು ಹೊಂದುವುದಿಲ್ಲ. ನಾಯಿಯ ಬೊಗಳುವಿಕೆ ಹಾಗೂ ಇನ್ನೊಂದು ಮಗುವಿನ ಅಳು ಇವೆರಡಕ್ಕೂ ಸ್ವಿಚ್ಚಿಲ್ಲ. ಅಳುವಿನ ಧ್ವನಿಮುದ್ರಿಕೆಯನ್ನು ಮಕ್ಕಳು ಬೇಗನೆ ಸಹಿಸಿಕೊಳ್ಳುತ್ತಾರೆ, ಆದರೆ ಎದುರಿಗೆ ಮಗುವೊಂದು ಅತ್ತಾಗ ಆ ಸಹನೆ ಉಳಿಯುವುದಿಲ್ಲ. ಸದ್ಯ ಅಲ್ಲಿ ಕೋಣೆ ಬಿಟ್ಟು ಹೊರಗೆ ಹೋಗಲು ತೋರಿಸುವ ಚಿತ್ರದ ಕಾರ್ಡನ್ನೇ ಕಲಿಸುತ್ತಿದ್ದೇನೆ.