ಹಲ್ಲಿನ ಅಚ್ಚು ಕೆಡದಂತೆ ಸೋಂಕು ತೆಗೆಯುವುದು ಹೇಗೆ?

ಹಲ್ಲು ಕಟ್ಟಿಸಿಕೊಂಡವರಿಗೆ ಇದು ನೆನಪಿರುತ್ತದೆ. ಡಾಕ್ಟರು ಒಂದು ಟ್ರೇಯಲ್ಲಿ ಗುಲಾಬಿ ಬಣ್ಣದ ಹಿಟ್ಟಿನಂಥದ್ದನ್ನು ತುಂಬಿ ಬಾಯಿಗೆ ಒತ್ತಿ ಹಿಡಿಯುತ್ತಾರೆ. ಎರಡು ಮೂರು ನಿಮಿಷದಲ್ಲಿ ಅದು ರಬ್ಬರಿನ ಹಾಗೆ ಬಿಗಿಯುತ್ತದೆ. ಹೊರಗೆ ತೆಗೆದರೆ ಹಲ್ಲು, ವಸಡು ಎಲ್ಲದರ ಅಚ್ಚು ಅದರಲ್ಲಿ ಮೂಡಿರುತ್ತದೆ. ಆ ಅಚ್ಚಿಗೆ ಸ್ಟೋನ್ (ನೀರಲ್ಲಿ ಕಲಸಿದರೆ ಗಟ್ಟಿಯಾಗುವ ಜಿಪ್ಸಂ ಪುಡಿ) ಸುರಿದು ಮಾದರಿ ಮಾಡಿ, ಅದರ ಮೇಲೆ ಲ್ಯಾಬಿನವರು ಹಲ್ಲಿನ ಸೆಟ್ ತಯಾರಿಸುತ್ತಾರೆ.

ಆ ಅಚ್ಚಿನ ತುಂಬ ಎಂಜಲು ಇರುತ್ತದೆ. ಎಷ್ಟೋ ಸಲ ರಕ್ತವೂ ಇರುತ್ತದೆ. ಒಣಗಿದ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಕನಿಷ್ಠ 7 ದಿನ ಬದುಕಿರಬಲ್ಲದು. ಅಚ್ಚನ್ನು ಹಾಗೇ ಕಳಿಸಿದರೆ ಅದು ಅಸಿಸ್ಟೆಂಟ್ ಕೈಗೆ, ಕೊರಿಯರ್ ಹುಡುಗನ ಕೈಗೆ, ಕೊನೆಗೆ ಲ್ಯಾಬ್ ಟೆಕ್ನಿಷಿಯನ್ ಕೈಗೆ ಹೋಗುತ್ತದೆ. ಟೆಕ್ನಿಷಿಯನ್ ಆ ರೋಗಿಯ ಮುಖವನ್ನೂ ನೋಡಿರುವುದಿಲ್ಲ. ಅದಕ್ಕೇ ಸೋಂಕು ತೆಗೆಯದೆ ಯಾವ ಅಚ್ಚೂ ಕ್ಲಿನಿಕ್ ದಾಟಬಾರದು.

ಇದು ಹೆಚ್ಚಿನವರಿಗೆ ಗೊತ್ತು. ಆದರೆ ಸೋಂಕು ತೆಗೆಯುವ ದ್ರಾವಣವೇ ಅಚ್ಚಿನ ಅಳತೆ ಕೆಡಿಸಬಹುದು ಎಂಬುದು ಅಷ್ಟಾಗಿ ತಲೆಗೆ ಹೋಗಿಲ್ಲ.

ಮೊದಲು ವಸ್ತು ಯಾವುದು ಅಂತ ನೋಡಿ

ನಮ್ಮ ಊರುಗಳ ಕ್ಲಿನಿಕ್‌ಗಳಲ್ಲಿ ಜಾಸ್ತಿ ಬಳಸುವುದು ಆಲ್ಜಿನೇಟ್. ಇದು ಕಂದು ಬಣ್ಣದ ಕಡಲಪಾಚಿಯಿಂದ ಬರುತ್ತದೆ. ಮೊದಲು ಈ ಕೆಲಸಕ್ಕೆ ಕಡಲಪಾಚಿಯಿಂದಲೇ ಬರುವ ಅಗರ್ ಎಂಬ ಇನ್ನೊಂದು ವಸ್ತು ಬಳಸುತ್ತಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ಜಪಾನಿನಿಂದ ಅಗರ್ ಬರುವುದು ನಿಂತಾಗ ಆಲ್ಜಿನೇಟ್ ಆ ಜಾಗಕ್ಕೆ ಬಂತು. ಬೆಲೆ ಕಡಿಮೆ, ಕಲಸುವುದು ಸುಲಭ.

ಆದರೆ ಬಿಗಿದ ಆಲ್ಜಿನೇಟ್‌ನಲ್ಲಿ ಬಹುಪಾಲು ಇರುವುದು ನೀರೇ. ನೀರಿನಲ್ಲಿ ಬಿಟ್ಟರೆ ಇನ್ನಷ್ಟು ನೀರು ಕುಡಿದು ಉಬ್ಬುತ್ತದೆ. ಗಾಳಿಗೆ ಬಿಟ್ಟರೆ ನೀರು ಬಿಟ್ಟುಕೊಟ್ಟು ಕುಗ್ಗುತ್ತದೆ. ನೆನೆಹಾಕಿದ ಕಡಲೆ ಉಬ್ಬಿದ್ದು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸ ಆಗಿರುತ್ತದೆ. ಅಷ್ಟು ಸಾಕು, ಸೆಟ್ ಬಾಯಲ್ಲಿ ಅಲುಗಾಡಲು.

ಕ್ಯಾಪ್, ಬ್ರಿಜ್‌ಗೆ ಬಳಸುವ ಅಡಿಷನ್ ಸಿಲಿಕೋನ್‌ನ ಸ್ವಭಾವವೇ ಬೇರೆ. ಅದು ನೀರನ್ನು ಹತ್ತಿರ ಸೇರಿಸುವುದಿಲ್ಲ. ಹೆಚ್ಚಿನ ದ್ರಾವಣಗಳಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ಅಳತೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಒಂದು ತೊಂದರೆ ಇದೆ. ಸ್ಟೋನ್ ಚೆನ್ನಾಗಿ ಹರಡಲಿ ಅಂತ ಕಂಪನಿಯವರು ಅದಕ್ಕೆ ಸೋಪಿನಂಥ ಒಂದು ವಸ್ತು ಸೇರಿಸಿರುತ್ತಾರೆ. ತುಂಬಾ ಹೊತ್ತು ನೆನೆದರೆ ಅದು ತೊಳೆದುಹೋಗಬಹುದು. ಆಗ ಸ್ಟೋನ್ ಸುರಿದಾಗ ಗಾಳಿಗುಳ್ಳೆ ಬೀಳುತ್ತದೆ.

ಪಾಲಿಈಥರ್ ಇವೆರಡರ ನಡುವೆ. ರಬ್ಬರ್ ಜಾತಿಯದೇ ಆದರೂ ನೀರು ಹೀರಿಕೊಳ್ಳುತ್ತದೆ. ಸಿಲಿಕೋನ್ ತರಹವೇ ಇದೆ ಅಂತ ಅದನ್ನು ಗಂಟೆಗಟ್ಟಲೆ ಮುಳುಗಿಸಿಡುವವರಿದ್ದಾರೆ. ದಯವಿಟ್ಟು ಬೇಡ. 10 ನಿಮಿಷದೊಳಗೆ ಮುಗಿಸಿ.

ತೊಳೆಯದೆ ಅದ್ದಬೇಡಿ

ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಬಾಯಿಂದ ತೆಗೆದ ತಕ್ಷಣ, ಎಂಜಲು ಒಣಗುವ ಮೊದಲೇ, ಹರಿಯುವ ತಣ್ಣೀರಿನಲ್ಲಿ ಅಚ್ಚನ್ನು ಚೆನ್ನಾಗಿ ತೊಳೆಯಿರಿ. ರಕ್ತ, ಎಂಜಲಿನ ಪದರ ಉಳಿದರೆ ಸೋಂಕು ತೆಗೆಯುವ ಹೈಪೋಕ್ಲೋರೈಟ್ (ಬ್ಲೀಚ್) ದ್ರಾವಣ ಅದರ ಜೊತೆಗೇ ಕಾದಾಡಿ ಬಲ ಕಳೆದುಕೊಳ್ಳುತ್ತದೆ. ಕೆಳಗಿರುವ ರೋಗಾಣು ಹಾಗೇ ಉಳಿಯುತ್ತದೆ. ಸ್ಟೋನ್ ಕೂಡ ಆ ಲೋಳೆಯ ಮೇಲೆ ಸರಿಯಾಗಿ ಬಿಗಿಯುವುದಿಲ್ಲ. ಲೋಳೆ ಅಂಟಿಕೊಂಡಿದ್ದರೆ ಸ್ವಲ್ಪ ಒಣ ಸ್ಟೋನ್ ಪುಡಿ ಉದುರಿಸಿ ಮೆತ್ತಗೆ ತೊಳೆಯಿರಿ, ಬಿಡುತ್ತದೆ. ಆಮೇಲೆ ನೀರು ಕೊಡವಿ. ಗುಳಿಗಳಲ್ಲಿ ನೀರು ನಿಂತಿದ್ದರೆ ದ್ರಾವಣ ಅಲ್ಲೇ ತೆಳುವಾಗುತ್ತದೆ.

ದ್ರಾವಣ ಮಾಡುವುದು

ಸೋಡಿಯಂ ಹೈಪೋಕ್ಲೋರೈಟ್ 5 ಪರ್ಸೆಂಟ್‌ನ ಬಾಟಲಿ ಇದ್ದರೆ, ಅದರ 100 ಮಿಲಿಗೆ 900 ಮಿಲಿ ನೀರು ಸೇರಿಸಿ. 0.5 ಪರ್ಸೆಂಟ್‌ನ ದ್ರಾವಣ ಸಿಗುತ್ತದೆ. ಬಾಟಲಿ 10 ಪರ್ಸೆಂಟ್‌ನದ್ದಾದರೆ 50 ಮಿಲಿಗೆ 950 ಮಿಲಿ ನೀರು. ಲೇಬಲ್ ಓದಿಯೇ ಅಳೆಯಿರಿ, ಕಣ್ಣಂದಾಜು ಬೇಡ. ದಿನಾ ಹೊಸದಾಗಿ ಮಾಡಿ. ನಿನ್ನೆಯದು ಮಿಕ್ಕಿದೆ ಅಂತ ಇಟ್ಟುಕೊಳ್ಳಬೇಡಿ. ಬೆಳಕು, ಬಿಸಿಲಿಗೆ ಅದರ ಕ್ಲೋರಿನ್ ಹಾರಿಹೋಗುತ್ತದೆ.

ಕೈಗವಸು, ಕನ್ನಡಕ ಹಾಕಿಕೊಳ್ಳಿ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಜೊತೆ ಇದನ್ನು ಯಾವ ಕಾರಣಕ್ಕೂ ಬೆರೆಸಬೇಡಿ. ವಿಷಗಾಳಿ ಏಳುತ್ತದೆ.

ಲೋಹದ ಟ್ರೇಗಳನ್ನು ಹೈಪೋಕ್ಲೋರೈಟ್ ತಿನ್ನುತ್ತದೆ. ಅದಕ್ಕಾಗಿ ಕೆಲವರು 2 ಪರ್ಸೆಂಟ್ ಗ್ಲುಟರಾಲ್ಡಿಹೈಡ್ ಬಳಸುತ್ತಾರೆ. ಸಿಲಿಕೋನ್‌ಗೂ, ಅಚ್ಚು ತೆಗೆಯುವ ಇನ್ನೊಂದು ವಸ್ತುವಾದ ಜಿಂಕ್ ಆಕ್ಸೈಡ್ ಯೂಜೆನಾಲ್ ಪೇಸ್ಟ್‌ಗೂ ಅದು ಹೊಂದುತ್ತದೆ. ಆದರೆ ಅದರ ಆವಿ ಕಣ್ಣು, ಮೂಗು ಉರಿಸುತ್ತದೆ. ಕಿಟಕಿ ಇಲ್ಲದ ಪುಟ್ಟ ಕೋಣೆಯಲ್ಲಿ ದಿನವಿಡೀ ಅದರ ಪಕ್ಕ ನಿಲ್ಲುವುದು ಅಸಿಸ್ಟೆಂಟ್ ಹುಡುಗಿ, ಡಾಕ್ಟರಲ್ಲ. ಅದನ್ನು ಕೊಳ್ಳುವ ಮುಂಚೆ ಇದನ್ನು ಯೋಚಿಸಿ.

ಗಡಿಯಾರ ನೋಡಿ ಅದ್ದಿ

ಆಲ್ಜಿನೇಟ್‌ಗೆ 10 ನಿಮಿಷ. ಅದಕ್ಕಿಂತ ಜಾಸ್ತಿ ಬೇಡ. ಅಚ್ಚು ಪೂರ್ತಿ ಮುಳುಗಿದ ಮೇಲೆ ಲೆಕ್ಕ ಶುರು ಮಾಡಿ. ಮೊಬೈಲ್‌ನಲ್ಲಿ ಟೈಮರ್ ಇಡಿ. ನಡುವೆ ಇನ್ನೊಬ್ಬ ರೋಗಿ ಬರುತ್ತಾರೆ, ಫೋನ್ ಬರುತ್ತದೆ, 10 ನಿಮಿಷ 40 ಆಗುವುದು ಹೀಗೇ.

ನಾನು ಇಷ್ಟಪಡುವುದು ಸ್ಪ್ರೇ ವಿಧಾನ. ಅಚ್ಚಿನ ಎಲ್ಲ ಕಡೆ, ಟ್ರೇಯ ಹಿಂಬದಿಗೂ, ಧಾರಾಳವಾಗಿ ಸ್ಪ್ರೇ ಮಾಡಿ. ಅದೇ ದ್ರಾವಣದಲ್ಲಿ ಒದ್ದೆ ಮಾಡಿದ ಟಿಶ್ಯೂ ಪೇಪರ್ ಸುತ್ತಿ, ಜಿಪ್ ಕವರ್‌ನಲ್ಲಿ ಹಾಕಿ 10 ನಿಮಿಷ ಮುಚ್ಚಿಡಿ. ಹೀಗೆ ಮಾಡಿದರೆ ಆಲ್ಜಿನೇಟ್ ಹೀರುವ ನೀರು ಕಡಿಮೆ. ಆದರೆ ಮೂಲೆಗಳಿಗೆ ತಲುಪುವಂತೆ ಸ್ಪ್ರೇ ಮಾಡುವ ತಾಳ್ಮೆ ಬೇಕು. ಅದಿಲ್ಲದಿದ್ದರೆ ಅದ್ದುವುದೇ ವಾಸಿ.

ಬಿಸಿನೀರಲ್ಲಿ ಕುದಿಸಬಾರದಾ, ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಬೇಯಿಸುವುದು) ಮಾಡಬಾರದಾ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಆಲ್ಜಿನೇಟ್ ಅಷ್ಟು ಶಾಖ ತಡೆಯುವುದಿಲ್ಲ. ಶಾಖ ತಡೆಯುವಂತೆ ಮಾಡಿದ ಕೆಲವು ಸಿಲಿಕೋನ್‌ಗಳಿವೆ. ಪೊಟ್ಟಣದ ಮೇಲೆ ಹಾಗಂತ ಬರೆದಿದ್ದರೆ ಮಾತ್ರ ಆ ದಾರಿ.

ಸಮಯ ಮುಗಿದ ಕೂಡಲೇ ಇನ್ನೊಮ್ಮೆ ನೀರಿನಲ್ಲಿ ತೊಳೆಯಿರಿ. ದ್ರಾವಣ ಉಳಿದರೆ ಸ್ಟೋನ್‌ನ ಮೇಲ್ಮೈ ಸುಣ್ಣದಂತೆ ಪುಡಿಪುಡಿ ಆಗಬಹುದು.

ಚೀಟಿ ಅಂಟಿಸಿ

ವೃತ್ತಿಗೆ ಬಂದ ಹೊಸದರಲ್ಲಿ ಒಬ್ಬ ಹಿರಿಯರಿಗೆ ಮೇಲ್ದವಡೆಯ ಸೆಟ್ ಮಾಡಿಸಿದ್ದೆ. ಮಾದರಿಯ ಮೇಲೆ ಚೆನ್ನಾಗಿ ಕೂತಿತ್ತು. ಬಾಯಲ್ಲಿ ಅಲುಗಾಡಿತು. ಸರಿಮಾಡಿ ನೋಡಿದೆ, ಮತ್ತೆ ಅಲುಗಾಡಿತು. ಅವರು ಹಳ್ಳಿಯಿಂದ ಎರಡು ಬಸ್ ಬದಲಿಸಿ ಬರುತ್ತಿದ್ದವರು. ಕೊನೆಗೆ ಲ್ಯಾಬಿನವರ ಜೊತೆ ಕೂತು ಮಾತಾಡಿದಾಗ ವಿಷಯ ಸಿಕ್ಕಿತು. ನಾವು 10 ನಿಮಿಷ ಅದ್ದಿ ಕಳಿಸಿದ್ದೆವು. ಕ್ಲಿನಿಕ್‌ನಲ್ಲಿ ಮಾಡಿರಲಿಕ್ಕಿಲ್ಲ ಅಂತ ಅವರೂ ಅದ್ದಿಟ್ಟು ಊಟಕ್ಕೆ ಹೋಗಿದ್ದರು. ಇಬ್ಬರೂ ಒಳ್ಳೆಯದಕ್ಕೇ ಮಾಡಿದ್ದು, ಅಲ್ವಾ? ಹೊಸ ಅಚ್ಚು ತೆಗೆದು ಕೆಲಸ ಮತ್ತೆ ಮಾಡಿಸಿದೆವು. ಆ ಹಿರಿಯರಿಗೆ ಆದ ಓಡಾಟ ನನಗೆ ಇವತ್ತಿಗೂ ಬೇಸರ.

ಅಂದಿನಿಂದ ಪ್ರತಿ ಕವರ್ ಮೇಲೂ ಚೀಟಿ ಇರುತ್ತದೆ. ವಸ್ತು ಯಾವುದು, ಯಾವ ದ್ರಾವಣ, ಎಷ್ಟು ನಿಮಿಷ, ಎಷ್ಟು ಗಂಟೆಗೆ. ನಾಲ್ಕು ಸಾಲು ಸಾಕು.

ಆಲ್ಜಿನೇಟ್ ಅಚ್ಚನ್ನು ಬೇರೆ ಊರಿಗೆ ಕಳಿಸುವ ಬದಲು ಮಾದರಿಯನ್ನು ಕ್ಲಿನಿಕ್‌ನಲ್ಲೇ ಸುರಿಯುವುದು ಒಳ್ಳೆಯದು. ಸೋಂಕು ತೆಗೆದು ತೊಳೆದ ಕೂಡಲೇ ಸುರಿಯಿರಿ. ಸ್ವಲ್ಪ ತಡವಾಗುತ್ತದೆ ಅಂದರೆ ಹಿಂಡಿದ ಒದ್ದೆ ಬಟ್ಟೆ ಸುತ್ತಿ ಮುಚ್ಚಿಡಿ. ನೀರು ತೊಟ್ಟಿಕ್ಕುವ ಬಟ್ಟೆ ಬೇಡ. ಅಡಿಷನ್ ಸಿಲಿಕೋನ್‌ಗೆ ಇಂಥ ಅವಸರವಿಲ್ಲ. ಕೆಲವು ಬಗೆಗಳು ಬಿಗಿದ ಮೇಲೂ ಹೈಡ್ರೋಜನ್ ಬಿಡುತ್ತಿರುತ್ತವೆ. ಬೇಗ ಸುರಿದರೆ ಮಾದರಿಯ ಮೇಲೆ ಸೂಜಿಮೊನೆಯಂಥ ತೂತುಗಳು ಬೀಳುತ್ತವೆ. ಕಂಪನಿ ಹೇಳಿದಷ್ಟು ಹೊತ್ತು ಕಾಯಿರಿ.

ಆಲ್ಜಿನೇಟ್‌ನಲ್ಲಿ ಸುರಿದ ಸ್ಟೋನ್ 45 ನಿಮಿಷದಿಂದ ಒಂದು ಗಂಟೆಯೊಳಗೆ ಬಿಗಿಯುತ್ತದೆ. ಆಗಲೇ ಬಿಡಿಸಿ. ರಾತ್ರಿಯಿಡೀ ಬಿಟ್ಟರೆ ಆಲ್ಜಿನೇಟ್ ಒಣಗಿ, ಬೆಳಿಗ್ಗೆ ಬಿಡಿಸುವಾಗ ಮಾದರಿಯ ತೆಳ್ಳಗಿನ ಹಲ್ಲು ಮುರಿಯಬಹುದು. ಬಿಡಿಸಿದ ಮಾದರಿಯನ್ನು ಉಗುರಿನಿಂದ ಮೆತ್ತಗೆ ಗೀರಿ ನೋಡಿ. ಬಿಳಿ ಪುಡಿ ಉದುರಿದರೆ ಆ ಮಾದರಿ ಬೇಡ, ರೋಗಿ ಇನ್ನೂ ಊರಲ್ಲೇ ಇರುವಾಗ ಕರೆಸಿ ಹೊಸ ಅಚ್ಚು ತೆಗೆಯಿರಿ.